ನಾಳೆ ಮಾಸ್ಟರು ಆಕಾಶ ಅಳೆದದ್ದು

ಗಿರಾಕಿ ಮನೆ ಬಿಟ್ಟ ಮೇಲೆಯೇ ಕತ್ತರಿ ಹಿಡಿಯಬೇಕು ಎನ್ನುವುದು ನಾಳೆ ಮಾಸ್ಟರ ಸಿದ್ಧಾಂತ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿ ಅವರು ಕಂಡುಕೊಂಡ ಪರಮಸತ್ಯ ಅದು. ಹಿಂದಿನ ಬೀದಿಯ ಗಿರಾಕಿ ತನ್ನ ಗೇಟು ತೆಗೆದ ಸದ್ದು ಕೇಳಿತೋ, ಇಲ್ಲಿ ಕಾಜಾ ಹೊಲಿಯಲು ಶುರು. ಅವನು ಮೂಲೆ ತಿರುಗಿದರೆ ಗುಂಡಿ. ಮೆಟ್ಟಿಲು ಹತ್ತಿದರೆ ಇಸ್ತ್ರಿ. ಬಾಗಿಲಿಗೆ ಬಂದು ನಿಂತಾಗ, "ಇದೋ, ಮಡಿಸಿಟ್ಟು ನಿಮ್ಮನ್ನೇ ಕಾಯ್ತಾ ಇದ್ದೆ!" ಮುಂಚಿತವಾಗಿ ಹೊಲಿದಿಟ್ಟ ಬಟ್ಟೆ ಯಾರೂ ಉಣ್ಣದ ಅನ್ನದ ಹಾಗೆ ಎಂದು ಅವರ ವಾದ. ಊರವರ ವಾದ ಬೇರೆ ಇತ್ತು. ಅದಕ್ಕೇ ಅವರಿಗೆ ಆ ಹೆಸರು ಬಂದದ್ದು.

ಈ ಸಿದ್ಧಾಂತ ಅಕ್ಕಪಕ್ಕದ ಬೀದಿಗಳಿಗೆ ಚೆನ್ನಾಗಿಯೇ ಒಗ್ಗಿತ್ತು. ಎಡವಟ್ಟಾದದ್ದು ಗಿರಾಕಿ ವಿಮಾನದಲ್ಲಿ ಬರುತ್ತೇನೆ ಎಂದಾಗ.

ಆ ಗಿರಾಕಿ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಸರಕು ಹಡಗಿನಲ್ಲಿ ಅಡುಗೆಯವನು. ಮನೆಮಂದಿಗೆಲ್ಲ ಅವನು ಸೌಟು. ಅವನ ಹಡಗು ಭೂಮಿಯ ಆ ತುದಿಯಲ್ಲಿ ಲಂಗರು ಹಾಕಿತ್ತು. ಸಿಕ್ಕಿದ್ದು ನಾಲ್ಕೇ ದಿನದ ರಜೆ. ಗುರುವಾರ ಬಂದು ಇಳಿಯುವುದು, ಅದೇ ಸಂಜೆ ನಾಲ್ಕಕ್ಕೆ ನೋಂದಣಿ ಕಚೇರಿಯಲ್ಲಿ ಮದುವೆ, ಭಾನುವಾರ ಮತ್ತೆ ಹಡಗು. ಹುಡುಗಿ ಆಂಬುಲೆನ್ಸ್ ಓಡಿಸುವವಳು. ಮಾಸ್ಟರ ಅತ್ತೆ ಹೆಡ್ ನರ್ಸ್ ಆಗಿದ್ದ ಆಸ್ಪತ್ರೆಯವಳೇ. ಮದುವೆ ಕೋಟಿನ ಬಟ್ಟೆ ನಾಲ್ಕು ತಿಂಗಳ ಹಿಂದೆಯೇ ಅಂಗಡಿಗೆ ಬಂದು, ಸುತ್ತಿದ ಕಾಗದದ ಸಮೇತ ಬೀರುವಿನಲ್ಲಿ ಸುಖವಾಗಿ ಮಲಗಿತ್ತು.

ಬುಧವಾರ ಬೆಳಿಗ್ಗೆ ಹೆಂಡತಿ ಅಂಗಡಿಗೆ ಬಂದಳು.

"ರೀ, ಕೋಟು ಆಯ್ತಾ?"

"ಆದ ಹಾಗೇ. ಗುಂಡಿ ಒಂದು ಬಾಕಿ."

ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಈ ಭಾಷೆ ಬರುತ್ತಿತ್ತು. ಗುಂಡಿ ಒಂದು ಬಾಕಿ ಎಂದರೆ ಗುಂಡಿ ಮಾತ್ರ ತಂದಾಗಿದೆ, ಮಿಕ್ಕಿದ್ದೆಲ್ಲ ಬಾಕಿ ಎಂದರ್ಥ. ಸೀದಾ ಹೋಗಿ ಬೀರು ತೆಗೆದಳು. ಕಟ್ಟು ಬಿಚ್ಚಿ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಇದರಲ್ಲಿ ತೋಳೆಲ್ಲಿ? ಕಾಲರೆಲ್ಲಿ?"

"ಎಲ್ಲಾ ಒಳಗೇ ಇದೆ ಕಣೇ. ಕತ್ತರಿಸಿ ಹೊರಗೆ ತೆಗೀಬೇಕಷ್ಟೆ."

"ಅವನು ಇವತ್ತು ರಾತ್ರಿ ನಮ್ಮ ಗಡಿಯಾರದ ಒಂಬತ್ತಕ್ಕೆ ವಿಮಾನ ಹತ್ತಾನೆ. ನಾಳೆ ಹನ್ನೊಂದೂವರೆಗೆ ಇಳೀತಾನೆ. ಟಿಕೆಟ್ಟಲ್ಲಿ ಅಚ್ಚು ಹಾಕಿದ್ದಾರೆ."

ಮಾಸ್ಟರು ಹಸುಗೂಸನ್ನು ನೋಡುವಂತೆ ಹೆಂಡತಿಯನ್ನು ನೋಡಿ ನಕ್ಕರು. "ಅಚ್ಚು ಹಾಕಿದ್ದಾರಂತೆ! ನನ್ನ ರಸೀದೀಲೂ ಅಚ್ಚು ಹಾಕಿದೆ, 'ತಯಾರಾಗುವ ದಿನ' ಅಂತ. ಅದು ಯಾತಕ್ಕೆ ಹೇಳು? ಗಿರಾಕಿ ಸಮಾಧಾನವಾಗಿ ಮನೆಗೆ ಹೋಗ್ಲಿ ಅಂತ. ವಿಮಾನದೋರೂ ಅಂಗಡಿ ಇಟ್ಕೊಂಡೋರೇ ತಾನೆ? ಹನ್ನೊಂದೂವರೆ ಅಂದ್ರೆ ಹನ್ನೊಂದೂವರೆಗೆ ಬಂದುಬಿಡುತ್ತಾ?"

"ಮತ್ತೆ ಎಷ್ಟೊತ್ತಿಗೆ ಬರುತ್ತೆ?"

"ಅಳೆದು ನೋಡೋದು."

ಅಂಗಡಿಯ ಗೋಡೆಯಲ್ಲಿ ಒದ್ದೆ ಕಲೆ ಮುಚ್ಚುವುದಕ್ಕೆಂದು ಅಂಟಿಸಿದ ಒಂದು ಭೂಪಟವಿತ್ತು. ಮಾಸ್ಟರು ಸ್ಟೂಲು ಹತ್ತಿದರು. ಕೊರಳಲ್ಲಿದ್ದ ಟೇಪು ತೆಗೆದರು. ಸೌಟು ಹತ್ತುವ ವಿಮಾನ ನಿಲ್ದಾಣ ಇರುವ ಜಾಗಕ್ಕೆ ಒಂದು ಗುಂಡುಸೂಜಿ, ಇಳಿಯುವ ಜಾಗಕ್ಕೆ ಇನ್ನೊಂದು. ನಡುವೆ ಟೇಪು ಹಿಡಿದರೆ ಸರಿಯಾಗಿ ಹದಿನೇಳು ಇಂಚು. ಅಭ್ಯಾಸಬಲ ನೋಡಿ, ಈ ತುದಿಗೆ ಅರ್ಧ, ಆ ತುದಿಗೆ ಅರ್ಧ ಎಂದು ಹೊಲಿಗೆಗೆ ಬಿಡುವ ಅಂಚನ್ನೂ ಸೇರಿಸಿ ಹದಿನೆಂಟು ಮಾಡಿದರು. ಇಂಚಿಗೆ ಒಂಬೈನೂರು ಕಿಲೋಮೀಟರೆಂದು ಪಟದ ಕೆಳಗೆ ಬರೆದಿತ್ತು. ವಿಮಾನ ಗಂಟೆಗೆ ಎಂಟುನೂರು ಹೋಗುತ್ತದೆಂದು ಹಿಂದೊಮ್ಮೆ ಒಬ್ಬ ಗಿರಾಕಿ ಪ್ಯಾಂಟಿಗೆ ಅಳತೆ ಕೊಡುತ್ತ ಹೇಳಿದ್ದ. ಸೀಮೆಸುಣ್ಣದಲ್ಲಿ ಪಟದ ಪಕ್ಕದ ಗೋಡೆಯ ಮೇಲೇ ಲೆಕ್ಕ ಹಾಕಿದರು.

"ಹದಿನಾರು ಸಾವಿರದ ಇನ್ನೂರು ಕಿಲೋಮೀಟರು. ಇಪ್ಪತ್ತು ಗಂಟೆ ಕಾಲು. ನಾಳೆ ಸಂಜೆ ಐದೂಕಾಲಿಗೆ ಇಳೀತಾನೆ ನಿನ್ನ ತಮ್ಮ. ಹನ್ನೊಂದೂವರೆಯಂತೆ! ಅಲ್ಲಿಗೆ ನನಗೆ ಇವತ್ತಿಡೀ ಬಿಡುವು."

ಹೆಂಡತಿಯ ಮುಖ ಬಿಳಿಚಿತು. "ಐದೂಕಾಲಾ? ನಾಲ್ಕಕ್ಕೆ ಮದುವೆ ಕಣ್ರೀ!"

ಮಾಸ್ಟರಿಗೆ ಇದು ಹೊಳೆದೇ ಇರಲಿಲ್ಲ. ಅವರು ಅಳೆದದ್ದು ಕೋಟಿಗೆ ಎಷ್ಟು ಹೊತ್ತು ಸಿಗುತ್ತದೆಂದು ತಿಳಿಯಲು ಮಾತ್ರ. ಮದುವೆ ಆ ಲೆಕ್ಕದ ಅಂಚಿನ ಹೊರಗಿತ್ತು. ಆದರೆ ಸ್ಟೂಲಿನ ಮೇಲೆ ನಿಂತು ಹೇಳಿದ ಮಾತನ್ನು ನೆಲಕ್ಕಿಳಿದು ಹಿಂದಕ್ಕೆ ತೆಗೆದುಕೊಳ್ಳುವುದು ಗಂಡಸಾದವನಿಗೆ ಸುಲಭವೇ? "ಅದಕ್ಕೆ ನಾನೇನು ಮಾಡ್ಲಿ? ದೂರ ಇರೋದು ಅಷ್ಟು," ಎಂದರು.

ಹತ್ತು ನಿಮಿಷದಲ್ಲಿ ಅತ್ತೆ ಬಂದರು. ಇಡೀ ಆಸ್ಪತ್ರೆಯ ವಾರ್ಡುಗಳನ್ನು ಹೆದರಿಸಿ ಗುಣಪಡಿಸಿದ ಹೆಂಗಸು. ಅಳಿಯನ ಮಾತನ್ನು ಅವರು ಈವರೆಗೆ ನಂಬಿದ್ದೇ ಇಲ್ಲ. ಆದರೆ ಇಂದು ಪಟವನ್ನೂ ಗುಂಡುಸೂಜಿಗಳನ್ನೂ ನೋಡಿ ದೊಡ್ಡ ಉಸಿರು ಬಿಟ್ಟರು.

"ಅಮ್ಮ, ಇವರ ಲೆಕ್ಕ ನಂಬೋದಾ?" ಎಂದಳು ಮಗಳು.

"ಬೇಗ ಆಗುತ್ತೆ ಅಂದಿದ್ರೆ ನಾನೂ ನಂಬ್ತಿರಲಿಲ್ಲ ಕಣೇ. ತಡ ಆಗುತ್ತೆ ಅಂತಿದ್ದಾರೆ. ತಡದ ವಿಷಯದಲ್ಲಿ ನಿನ್ನ ಗಂಡನಿಗಿಂತ ದೊಡ್ಡ ಪಂಡಿತ ಈ ಊರಲ್ಲಿ ಯಾರಿದ್ದಾರೆ? ಏಳಿ ಅಳಿಯಂದಿರೇ. ಟೇಪು ತಗೊಳ್ಳಿ. ನೋಂದಣಿ ಕಚೇರಿಗೆ ಹೋಗೋಣ."

ನೋಂದಣಿ ಅಧಿಕಾರಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡೇ ಜನಿಸಿದಂತಿದ್ದ ಹೆಂಗಸು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ, "ವಿಮಾನ ತಡ ಅಂತ ಕಂಪನಿಯವರು ತಿಳಿಸಿದ್ರಾ?" ಎಂದಳು.

"ಇಲ್ಲ. ನಮ್ಮ ಅಳಿಯ ಅಳೆದಿದ್ದಾರೆ."

"ಏನನ್ನ?"

"ಆಕಾಶಾನ," ಎಂದರು ಮಾಸ್ಟರು ವಿನಯದಿಂದ, ಟೇಪನ್ನು ಮೇಜಿನ ಮೇಲಿಟ್ಟು.

ಅಧಿಕಾರಿ ಟೇಪನ್ನು ನೋಡಿದಳು, ಮಾಸ್ಟರನ್ನು ನೋಡಿದಳು, ಸರ್ಕಾರಿ ಕೆಲಸದಲ್ಲಿ ಇನ್ನೂ ಎಷ್ಟು ವರ್ಷ ಉಳಿದಿದೆ ಎಂದು ಮನಸ್ಸಿನಲ್ಲೇ ಎಣಿಸಿದಳು. "ನೋಡಿ, ನಾಲ್ಕಕ್ಕೆ ಜೋಡಿ ಬರದಿದ್ರೆ ಅರ್ಜಿಯೇ ರದ್ದು. ಮತ್ತೆ ಒಂದು ತಿಂಗಳು ಕಾಯಬೇಕು. ಈಗಲೇ ಬಿಟ್ಟುಕೊಟ್ರೆ ಅರ್ಜಿ ಉಳಿಯುತ್ತೆ, ಕಾಯುವ ಪಟ್ಟೀಲಿ ಮೊದಲ ಹೆಸರು ನಿಮ್ಮದು. ಶುಕ್ರವಾರ ಪೂರ್ತಿ ತುಂಬಿದೆ. ಯಾರಾದ್ರೂ ತಪ್ಪಿಸಿಕೊಂಡ್ರೆ ನಿಮಗೆ ಸಿಗುತ್ತೆ. ಶನಿವಾರ, ಭಾನುವಾರ ರಜ."

"ಐದೂಕಾಲಿನವರೆಗೆ ನೀವೇ ಸ್ವಲ್ಪ ಕೂತ್ರೆ?" ಎಂದರು ಮಾಸ್ಟರು.

"ಐದಕ್ಕೆ ಕಚೇರಿ ಮುಚ್ಚುತ್ತೆ. ನಮ್ಮಲ್ಲಿ ಐದು ಅಂದ್ರೆ ಐದು."

ಮಾಸ್ಟರಿಗೆ ಈ ಮಾತು ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು. ಮಗನ ಪರವಾಗಿ ಸಹಿ ಹಾಕಿದರು. ಕಾರಣ ಎಂಬ ಖಾನೆಯಲ್ಲಿ ಅಧಿಕಾರಿ 'ಅಳತೆ' ಎಂದು ಬರೆದು ಮೊಹರು ಒತ್ತಿದಳು. ಇವರು ಮೆಟ್ಟಿಲಿಳಿಯುವ ಮೊದಲೇ ಒಳಗೆ ಫೋನು ಸದ್ದಾಯಿತು. ಗುರುವಾರ ನಾಲ್ಕು ಗಂಟೆ ಮೊದಲಿಂದ ಕಾಯುತ್ತಿದ್ದ ಬೇರೊಂದು ಜೋಡಿಯ ಪಾಲಾಯಿತು.

ಸುದ್ದಿ ಕೇಳಿ ಆಂಬುಲೆನ್ಸ್ ಹುಡುಗಿ ಕೆಲಸದ ನಡುವೆಯೇ ಫೋನು ಮಾಡಿದಳು. "ಅತ್ತೆ, ನಮ್ಮ ಕೆಲಸದಲ್ಲಿ ಎರಡು ನಿಮಿಷ ತಡ ಆದ್ರೆ ಒಂದು ಜೀವ ಹೋಗುತ್ತೆ. ಇಲ್ಲಿ ಆರು ಗಂಟೆ ತಡ ಅಂತ ಒಬ್ಬ ದರ್ಜಿ ಹೇಳಿದ್ದಕ್ಕೆ ನನ್ನ ಮದುವೇನೇ ಬಿಟ್ಟುಕೊಟ್ರಾ?" ತಪ್ಪು ತಮ್ಮದಾದಾಗ ಅತ್ತೆ ಬೇರೆ ಯಾರಿಗಾದರೂ ಬಯ್ಯುವುದು ವಾಡಿಕೆ. ಸಂಜೆ ಟಿಕೆಟ್ ಮಾರಿದ ಏಜೆಂಟನ ಅಂಗಡಿಗೆ ನುಗ್ಗಿ, ಗಿರಾಕಿಗಳೆದುರಿಗೇ ಅವನ ನೀರಿಳಿಸಿದರು: "ಇಪ್ಪತ್ತು ಗಂಟೆ ದಾರೀನ ಹದಿನಾಲ್ಕೂವರೆ ಅಂತ ಮಾರ್ತೀಯಾ? ನಿನಗೆ ಮನೆ ಮಠ ಇಲ್ವಾ?"

ಏಜೆಂಟನಿಗೆ ಮನೆಯಿತ್ತು. ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ಹೊಟ್ಟೆಯಿತ್ತು. ಮಾನವೂ ಇತ್ತು. ಗುರುವಾರ ಬೆಳಿಗ್ಗೆ ಏಳಕ್ಕೇ ಮಾಸ್ಟರ ಅಂಗಡಿಗೆ ಬಂದು ಬಾಗಿಲು ತುಂಬ ನಿಂತ. ಮಾಸ್ಟರು ಒಂಬತ್ತಕ್ಕೆ ಕತ್ತರಿ ಹಿಡಿದರಾಯಿತೆಂದು ಚಹಾ ಆರಿಸುತ್ತಿದ್ದರು. ಕಾಲು ಮಾತ್ರ ಯಾಕೋ ಒಂದೆಡೆ ನಿಲ್ಲದೆ ಖಾಲಿ ಮಿಷನ್ನಿನ ಪೆಡಲನ್ನು ತುಳಿಯುತ್ತಲೇ ಇತ್ತು.

"ಮಾಸ್ಟ್ರೇ, ನನ್ನ ಹೊಟ್ಟೆ ಅಳೀರಿ."

"ಏನು ಹೊಲಿಸ್ತೀರಿ?"

"ನಿಮ್ಮ ಬಾಯಿ ಹೊಲಿಸ್ತೀನಿ. ಮೊದಲು ಅಳೀರಿ. ಈ ಪಕ್ಕೆಯಿಂದ ಆ ಪಕ್ಕೆಗೆ, ಹೊಟ್ಟೆ ಮೇಲೆ ಅಡ್ಡಕ್ಕೆ."

ಅಳೆದರು. ಇಪ್ಪತ್ತೇಳು.

"ಎರಡೂ ತುದಿ ಅಲ್ಲೇ ಒತ್ತಿ ಹಿಡೀರಿ. ಈಗ ನಡುವೆ ಬಿಗಿಯಾಗಿ ಎಳೀರಿ."

ಮಾಸ್ಟರು ಎಳೆದರು. ಟೇಪು ಹೊಟ್ಟೆಯ ಏರಿನ ಮೇಲೆ ನಿಲ್ಲದೆ ಸರ್ರನೆ ಜಾರಿ ಎದೆಗೂಡಿನ ಕೆಳಗೆ ಹೋಗಿ ಕೂತಿತು. ಇಪ್ಪತ್ತೆರಡು.

"ಯಾಕೆ ಕಮ್ಮಿ ಆಯ್ತು?"

"ಇದೇನು ಕೇಳ್ತೀರಿ, ಮೂವತ್ತು ವರ್ಷದಿಂದ ಹೊಟ್ಟೆಯವರ ಹತ್ತಿರ ನನಗಿದೇ ಜಗಳ. ಗುಂಡಗಿರೋದರ ಮೇಲೆ ಟೇಪು ಬಿಗಿ ಮಾಡಿದ್ರೆ ಅಡ್ಡಕ್ಕೆ ನಿಲ್ಲಲ್ಲ, ಹತ್ತಿರದ ದಾರಿ ಹುಡುಕ್ಕೊಂಡು ಮೇಲಕ್ಕೆ ಜಾರ..." ಮಾಸ್ಟರ ಮಾತು ಅರ್ಧಕ್ಕೆ ನಿಂತಿತು. ಪೆಡಲೂ ನಿಂತಿತು. ಗೋಡೆಯ ಮೇಲಿನ ಪಟದ ಕಡೆ ತಿರುಗಿ, ಬಹಳ ಮೆಲ್ಲಗೆ ಕೇಳಿದರು, "ಭೂಮಿ?"

"ಗುಂಡಗಿದೆ. ನನ್ನಷ್ಟಲ್ಲ, ಆದ್ರೂ ಗುಂಡಗಿದೆ. ನೀವು ಅಳೆದದ್ದು ಹೊಟ್ಟೇನ ಇಸ್ತ್ರಿ ಮಾಡಿ ಗೋಡೆಗೆ ಹಚ್ಚಿದ್ದನ್ನ. ವಿಮಾನದೋನು ಅಡ್ಡಕ್ಕೆ ಹೋಗಲ್ಲ ಮಾಸ್ಟ್ರೇ. ಮೇಲಕ್ಕೆ, ಹಿಮದ ಕಡೆಗೆ ಏರಿ, ಹತ್ತಿರದ ದಾರೀಲಿ ಈ ಕಡೆ ಇಳೀತಾನೆ. ಹನ್ನೆರಡು ಸಾವಿರ ಚಿಲ್ಲರೆ ಕಿಲೋಮೀಟರು. ಹದಿನಾಲ್ಕೂವರೆ ಗಂಟೆ. ಹನ್ನೊಂದೂವರೆ ಅಂದ್ರೆ ಹನ್ನೊಂದೂವರೆ. ಇದನ್ನ ನಿಮ್ಮತ್ತೆಗೆ ನೀವೇ ಹೇಳಿ. ನಾನು ಆ ಕಡೆ ತಲೆ ಹಾಕಲ್ಲ."

ಮಾಸ್ಟರು ಗಡಿಯಾರ ನೋಡಿದರು. ಏಳೂಕಾಲು. ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ದಾರಿ. ಕೋಟು ಇನ್ನೂ ಕಾಗದದೊಳಗೆ. ನಾಲ್ಕು ಗಂಟೆಯ ಮದುವೆ ಪರರ ಪಾಲು. ಇಷ್ಟನ್ನೂ ಮಾಡಿದ್ದು ಕೊರಳಲ್ಲಿ ತಣ್ಣಗೆ ನೇತಾಡುತ್ತಿದ್ದ ಒಂದು ಟೇಪು.

ಅಲ್ಲಿಂದ ಮುಂದಿನ ಮೂರು ಗಂಟೆಯಲ್ಲಿ ಆ ಅಂಗಡಿಯಲ್ಲಿ ನಡೆದದ್ದನ್ನು ಹೊಲಿಗೆ ಎನ್ನುವುದು ಕಷ್ಟ, ಯುದ್ಧ ಎಂದರೆ ಸಮೀಪ. ಕತ್ತರಿ ಕಚಕಚ ಎಂದಿತು. ಹೆಂಡತಿ ಒಳಗಿನ ಅಸ್ತರಿಗೆ ಕೂತಳು. ಅತ್ತೆ ಸುದ್ದಿ ಕೇಳಿ ಸೀದಾ ಬಂದು ಸೂಜಿ ಪೋಣಿಸಲು ಕೂತರು. ಪ್ರತಿ ಸೂಜಿಯನ್ನೂ ಬೆಳಕಿಗೆ ಎತ್ತಿ ಹಿಡಿದು, ಅಳಿಯನನ್ನು ಒಮ್ಮೆ ಅಳೆಯುವಂತೆ ನೋಡಿ, ಆಮೇಲೆ ಕೈಗೆ ಕೊಡುತ್ತಿದ್ದರು. ಹತ್ತಕ್ಕೆ ಕಚೇರಿಗೆ ಫೋನು ಹೋಯಿತು. "ಕೊಟ್ಟಾಯ್ತು," ಎಂದಳು ಅಧಿಕಾರಿ. "ಶುಕ್ರವಾರವೂ ಯಾರೂ ಬಿಟ್ಟಿಲ್ಲ. ನಾಲ್ಕಕ್ಕೆ ಬಂದು ಬೆಂಚಿನ ಮೇಲೆ ಕೂತಿರಿ. ಆ ಜೋಡಿ ನಾಲ್ಕೂಹತ್ತರೊಳಗೆ ಪೂರ್ತಿ ಹಾಜರಾಗದಿದ್ರೆ ಮಾತ್ರ ನಿಮಗೆ. ಅವರು ಬರದೆ ಇರ್ತಾರಾ? ನಿಮ್ಮ ಹಾಗೆ ಆಕಾಶ ಅಳೆಯೋರು ಎಲ್ಲರ ಮನೇಲೂ ಇರಲ್ಲ."

ಹತ್ತೂಕಾಲಿಗೆ ಟ್ಯಾಕ್ಸಿ ಹೊರಟಾಗ ಕೋಟಿಗೆ ಒಂದೇ ತೋಳಿತ್ತು. ಇನ್ನೊಂದು ತೋಳು ಮಾಸ್ಟರ ಮಡಿಲಲ್ಲಿ. ಅಂಗಡಿಗೆ ಬೀಗ ಜಡಿದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡದ್ದು ಕೂಡ ಅವರಿಗೆ ನೆನಪಿರಲಿಲ್ಲ.

ವಿಮಾನ ನಿಲ್ದಾಣದ ಹಲಗೆಯ ಮೇಲೆ ಮಿನುಗುತ್ತಿತ್ತು: ಇಳಿದಿದೆ, 11:08. ಸೌಟು ತನ್ನ ಪೆಟ್ಟಿಗೆಯ ಮೇಲೆ ಕೂತು ಆಕಳಿಸುತ್ತಿದ್ದ.

"ಏನ್ ಭಾವ, ಭೂಮಿಯ ಆ ತುದಿಯಿಂದ ನಾನು ಬಂದೆ, ಈ ತುದಿಯಿಂದ ನಿಮಗೆ ಬರೋಕಾಗಲಿಲ್ವಾ?"

"ನಿನ್ನ ವಿಮಾನ ಇಪ್ಪತ್ತೆರಡು ನಿಮಿಷ ಮುಂಚೆ ಬಂದಿದೆ," ಎಂದರು ಮಾಸ್ಟರು ನಿಷ್ಠುರವಾಗಿ. "ಮುಂಚೆ ಬರೋದೂ ಹೇಳಿದ ಮಾತಿಗೆ ತಪ್ಪಿದ ಹಾಗೇ. ಕೈ ಎತ್ತು, ತೋಳು ಕೂರಿಸ್ಬೇಕು."

ದಾರಿಯುದ್ದಕ್ಕೂ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಸೌಟು ಮೊದಲು ನಕ್ಕ. ಮದುವೆಯ ಹೊತ್ತು ಕೈಬಿಟ್ಟದ್ದು ತಿಳಿದ ಮೇಲೆ ನಗು ಬತ್ತಿತು. "ಭಾವ," ಎಂದ, "ಭಾನುವಾರ ಹೋದ್ರೆ ನಾನು ಮತ್ತೆ ಬರೋದು ಹನ್ನೊಂದು ತಿಂಗಳಿಗೆ." ಮಾಸ್ಟರು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚತೊಡಗಿದರು.

ಮೂರೂವರೆಗೆ ಎಲ್ಲರೂ ಕಚೇರಿಯ ಬೆಂಚಿನ ಮೇಲೆ. ಆಂಬುಲೆನ್ಸ್ ಹುಡುಗಿ ಬೈಕಿನಲ್ಲಿ ಬಂದಳು. ಸೌಟಿನ ಪಕ್ಕ ಕೂತು ಅವನ ಕೈ ಹಿಡಿಯಹೋದರೆ, "ಆ ಕೈ ಬೇಡಮ್ಮ, ತೋಳು ಇನ್ನೂ ಹಸಿ," ಎಂದರು ಮಾಸ್ಟರು. ಎದುರಿನ ಬೆಂಚಿನಲ್ಲಿ ಹೊಸ ಜೋಡಿಯ ಮದುಮಗಳು ತಂದೆತಾಯಿಯ ನಡುವೆ ಕೂತಿದ್ದಳು. ಅವಳ ಗಂಡು ಇನ್ನೂ ಬಂದಿರಲಿಲ್ಲ. ಗೋಡೆಯ ಗಡಿಯಾರದ ಮುಳ್ಳನ್ನು ಒಂಬತ್ತು ಜನ ಒಟ್ಟಿಗೆ ನೋಡುತ್ತಿದ್ದರು. ಅರ್ಧ ಜನ ಅದು ನಿಲ್ಲಲಿ ಎಂದು, ಇನ್ನರ್ಧ ಅದು ಓಡಲಿ ಎಂದು.

ನಾಲ್ಕು. ಮದುಮಗಳು ಎದ್ದು ಕಿಟಕಿಗೆ ಹೋದಳು. ನಾಲ್ಕೂಐದು. ಅವಳ ತಂದೆ ಬೀದಿಗಿಳಿದರು. ಅತ್ತೆ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದರು. ಬೇರೆಯವರ ಮದುವೆ ತಪ್ಪಲೆಂದು ಪ್ರಾರ್ಥಿಸಲು ಅವರಿಗೆ ಮನಸ್ಸಿರಲಿಲ್ಲ, ಪ್ರಾರ್ಥಿಸದಿರಲು ಧೈರ್ಯವಿರಲಿಲ್ಲ. ನಾಲ್ಕೂಹತ್ತಕ್ಕೆ ಅಧಿಕಾರಿ ಗಂಡಿನ ನಂಬರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಎಲ್ಲಿದ್ದೀರಿ ನೀವು?"

"ಮೇಡಂ, ದರ್ಜಿ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದೀನಿ! ಹನ್ನೆರಡಕ್ಕೆ ಬಾ ಅಂದಿದ್ದ. ನಾಲ್ಕು ಗಂಟೆ ಹೊತ್ತಾಯ್ತು, ಕಾಯ್ತಾನೇ ಇದ್ದೀನಿ. ನನ್ನ ಮದುವೆ ಪ್ಯಾಂಟು ಒಳಗಿದೆ, ಬೀಗ ಹೊರಗಿದೆ. ಮೇಲೆ ಹೊಸ ಶರ್ಟು ಇದೆ ಮೇಡಂ, ಕೆಳಗೆ ಮನೇಲಿ ಹಾಕೋ ಚಡ್ಡಿ. ಹಾಗೇ ಬರ್ಲಾ?"

"ಯಾರ ಅಂಗಡಿ?"

"ಇನ್ಯಾರು? ನಾಳೆ ಮಾಸ್ಟ್ರು!"

ಕಚೇರಿಯಲ್ಲಿದ್ದ ತಲೆಗಳೆಲ್ಲ ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿದವು. ಸೌಟಿನ ತೋಳಿನಲ್ಲಿ ಓಡುತ್ತಿದ್ದ ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿತು. ಮಾಸ್ಟರು ತಲೆಯೆತ್ತಿ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದರು.

ಮದುಮಗಳು ಬಂದು ಅವರೆದುರು ನಿಂತಳು. "ಪ್ಯಾಂಟು ಆಗಿದೆಯಾ?"

"ಆಗಿದೆ."

ಹೆಂಡತಿ ಹಣೆ ಚಚ್ಚಿಕೊಂಡಳು. "ಗುಂಡಿ ಒಂದು ಬಾಕಿ ತಾನೆ?"

"ಇಲ್ಲ ಕಣೇ, ನಿಜವಾಗ್ಲೂ ಆಗಿದೆ! ಮೊನ್ನೇನೇ ಆಯ್ತು. ಇಸ್ತ್ರೀನೂ ಆಗಿದೆ."

"ಮತ್ತೆ ಮೊನ್ನೇನೇ ಯಾಕೆ ಕೊಡಲಿಲ್ಲ?" ಎಂದು ಮದುಮಗಳು ಹೆಚ್ಚುಕಡಿಮೆ ಕಿರುಚಿದಳು.

"ಬೇಗ ಕೊಟ್ರೆ ಗಿರಾಕಿಗೆ ಅದೇ ಅಭ್ಯಾಸ ಆಗಿಬಿಡುತ್ತಮ್ಮ."

ಆ ಕ್ಷಣ ಅಲ್ಲಿ ಒಂದು ಕೊಲೆ ನಡೆಯಬೇಕಿತ್ತು. ನಡೆಯದಿದ್ದದ್ದು ಅಧಿಕಾರಿ ಮೊಹರಿನಿಂದ ಮೇಜು ಕುಟ್ಟಿದ್ದರಿಂದ. "ನನ್ನ ಹತ್ತಿರ ಐದರವರೆಗೆ ಐವತ್ತು ನಿಮಿಷ ಇದೆ. ನಿಯಮದ ಪ್ರಕಾರ ಈಗ ಹಡಗಿನವರ ಸರದಿ. ಅವರದು ಮುಗಿದ ಮೇಲೆ, ಐದರೊಳಗೆ ನಿಮ್ಮ ಗಂಡು ಪ್ಯಾಂಟಿನ ಸಮೇತ ಬಂದ್ರೆ ನಿಮ್ಮದೂ ಮಾಡ್ತೀನಿ. ಒಪ್ಪಿಗೆನಾ?"

"ಈ ಮನುಷ್ಯ ಹೋಗಿ ತರ್ತಾನೆ ಅಂತ ಏನು ಗ್ಯಾರಂಟಿ?" ಎಂದಳು ಆ ಮದುಮಗಳು.

"ಬೇಕಾದ್ರೆ ನಮ್ಮತ್ತೇನ ಇಲ್ಲೇ ಒತ್ತೆ ಇಟ್ಕೊಳಿ," ಎಂದರು ಮಾಸ್ಟರು, ಜೀವನದಲ್ಲಿ ಅಷ್ಟು ಉದಾರವಾಗಿ ಅವರು ಎಂದೂ ಮಾತಾಡಿರಲಿಲ್ಲ.

ಸೌಟು ಬಲಗೈಯಲ್ಲಿ ಸಹಿ ಹಾಕಿದ. ಎಡತೋಳಿನಿಂದ ಹೊರಟ ದಾರ ಇನ್ನೂ ಮಾಸ್ಟರ ಹಲ್ಲಿನಲ್ಲಿತ್ತು. ಅವನು ಮುಂದಕ್ಕೆ ಬಾಗಿದಾಗ ಅವರೂ ಬಾಗಿದರು. ನೋಡಿದವರಿಗೆ ಮೂರು ಜನ ಒಟ್ಟಿಗೆ ಮದುವೆಯಾದಂತೆ ಕಂಡಿತು. ಅತ್ತೆ ಅತ್ತರು. ಭೂಮಿ ಗುಂಡಗಿದೆ ಎಂದು ತೋರಿಸಿಕೊಟ್ಟ ಏಜೆಂಟನ ಹೆಸರನ್ನೂ ಸಾಕ್ಷಿಯ ಖಾನೆಯಲ್ಲಿ ಬರೆಸಬೇಕಿತ್ತು ಎಂದು ಹೆಂಡತಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ನಾಲ್ಕು ಇಪ್ಪತ್ತೈದಕ್ಕೆ ಮೊಹರು ಬಿತ್ತು. ಅದೇ ಕ್ಷಣ ಮಾಸ್ಟರು ಹಲ್ಲಿನಿಂದ ದಾರ ಕಡಿದರು.

ಹೊಸ ಹೆಂಡತಿ ಗಂಡನ ಮುಖವನ್ನು ಒಂದು ಸಲ ನೋಡಿ, ಹೆಲ್ಮೆಟ್ ಹಾಕಿಕೊಂಡು ಹೊರಗೆ ಓಡಿ ಬೈಕಿಗೆ ಕಿಕ್ ಕೊಟ್ಟಳು. "ಹತ್ತಿ ಅಣ್ಣ, ಬೇಗ! ಅಂಗಡಿ ಇಲ್ಲಿಂದ ಎಷ್ಟು ದೂರ? ಎಷ್ಟು ಹೊತ್ತು ಬೇಕು?"

ಹಿಂದಿನ ಸೀಟಿಗೆ ಕಾಲು ಎತ್ತಿ ಹಾಕುತ್ತಿದ್ದ ಮಾಸ್ಟರು ಗಂಟಲು ಸರಿಮಾಡಿಕೊಂಡರು. ಕೈ ತಾನಾಗಿಯೇ ಕೊರಳ ಟೇಪಿಗೆ ಹೋಯಿತು.

"ಅವರನ್ನ ಕೇಳ್ಬೇಡ!"

ಕಚೇರಿಯ ಮೆಟ್ಟಿಲಿನಿಂದ ಹೆಂಡತಿ, ಅತ್ತೆ, ಸೌಟು, ಆ ಮದುಮಗಳು, ಮೊಹರು ಹಿಡಿದೇ ಓಡಿಬಂದಿದ್ದ ಅಧಿಕಾರಿ, ಐದೂ ಜನ ಒಂದೇ ದನಿಯಲ್ಲಿ ಕೂಗಿದರು.

ಅವಳು ಉತ್ತರಕ್ಕೆ ಕಾಯಲಿಲ್ಲ. ಆರು ನಿಮಿಷದಲ್ಲಿ ಅಂಗಡಿಯ ಮೆಟ್ಟಿಲ ಬಳಿ, ಚಡ್ಡಿಯಲ್ಲಿ ಎದ್ದು ನಿಂತ ಮದುಮಗನ ಮುಂದೆ ಬೈಕು ನಿಲ್ಲಿಸಿದಳು. ಮಾಸ್ಟರು ಮುಕ್ಕಾಲು ಗಂಟೆ ಎಂದು ಹೇಳಬೇಕೆಂದಿದ್ದರು.